ಮೌನಮ್ಮ ಬರೆದ ಸರ್ಟಿಫಿಕೇಟು

“ಏ ಕುಡ್ಡಿ, ಟೇಬಲ್ ಮುಟ್ಟಬ್ಯಾಡ. ಗ್ವಾಡಿ ಹಿಡ್ಕೊಂಡು ನಿಂದ್ರು. ಕೈಯಾಗಿನ ಖಾರ ಕಂಪ್ಯೂಟರಿಗಿ ಹತ್ತತದ.”

ಹೀಗೆಂದವನು ವೆಂಕಪ್ಪ, ಮಹಾದೇವಪ್ಪ ಸಾಹುಕಾರರ ಟ್ರಸ್ಟಿನ ಗುಮಾಸ್ತ. ಮೌನಮ್ಮ ಗೋಡೆ ಹಿಡಿದು ನಿಂತಳು. ಕೈಗೆ ಖಾರ ಹತ್ತಿದ್ದು ನಿಜ. ಅವಳೂ ನಾನೂ ಅದೇ ಸಾಹುಕಾರರ ಕಣದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವರು. ಕೆಲಸದ ನಡುವೆ ಎಬ್ಬಿಸಿ, ಜೀಪಿನಲ್ಲಿ ಹಾಕಿಕೊಂಡು ಶಹಾಪುರದ ಟ್ರಸ್ಟಿನ ಆಫೀಸಿಗೆ ತಂದಿದ್ದರು. ತೊಟ್ಟು ಮುರಿಯಲು ಕಣ್ಣೂ ಬೇಕಿಲ್ಲ, ಕಾಲೂ ಬೇಕಿಲ್ಲ. ಮೌನಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣದು. ನನ್ನ, ಅಂದರೆ ಖಂಡಪ್ಪನ, ಎಡಗಾಲನ್ನು ಪೋಲಿಯೊ ತಿಂದಿದೆ. ಬೋನಾಳದಲ್ಲಿ ನಮ್ಮವು ಅಕ್ಕಪಕ್ಕದ ಮನೆ. ದಾರಿಯಲ್ಲಿ ಅವಳಿಗೆ ನನ್ನ ಕಣ್ಣು, ನನಗೆ ಅವಳ ಭುಜ.

ಹೈದರಾಬಾದಿನ ಒಂದು ಕಂಪನಿ ಕುರುಡರಿಗೆಂದು ಹತ್ತು ಡಬ್ಬಾ ಅಂಗಡಿ ಕೊಡುವುದಿತ್ತು. ಹಂಚುವ ಪುಣ್ಯ ಸಾಹುಕಾರರ ಟ್ರಸ್ಟಿಗೆ ಬಂದಿತ್ತು. ಅಂಗಡಿ ಬೇಕಾದವರು ಟ್ರಸ್ಟಿನ ವೆಬ್‌ಸೈಟಿನಲ್ಲಿ ತಾವೇ ಅರ್ಜಿ ಹಾಕಬೇಕು, ಬೇರೆಯವರ ಸಹಾಯ ಪಡೆಯಬಾರದು ಎಂಬುದು ನಿಯಮ. ಮೌನಮ್ಮ ಕುರುಡರ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಪರದೆಯ ಮೇಲಿದ್ದುದನ್ನೆಲ್ಲ ಅವಳ ಫೋನು ಬಾಯಿಬಿಟ್ಟು ಓದುತ್ತದೆ. ಆ ವೆಬ್‌ಸೈಟ್ ತೆರೆದಾಗ ಮಾತ್ರ ಅದು “ಬಟನ್, ಬಟನ್, ಚಿತ್ರ, ಬಟನ್” ಎಂದು ತೊದಲುತ್ತಿತ್ತು. ಯಾವ ಬಟನ್ ಯಾತಕ್ಕೆ ಎಂದು ಮಾಡಿದವರು ಬರೆದೇ ಇರಲಿಲ್ಲ. ಹೇಗೋ ತಡಕಾಡಿ ಕೊನೆ ಮುಟ್ಟಿದರೆ, ನೀವು ಮನುಷ್ಯರೇ ಎಂದು ತೋರಿಸಲು ಚಿತ್ರದೊಳಗಿನ ಸೊಟ್ಟ ಅಕ್ಷರ ನೋಡಿ ಬರೆಯಿರಿ ಎನ್ನುತ್ತಿತ್ತು.

ಮೌನಮ್ಮ ಮೂರು ದಿನ ಮನುಷ್ಯಳಾಗಲು ನೋಡಿದಳು. ನಾಲ್ಕನೆಯ ದಿನ ನಾನು ಅಕ್ಷರ ಓದಿ ಹೇಳಿದೆ. ಅದನ್ನು ಅವಳು ವೆಂಕಪ್ಪನ ಮುಂದೆ ಮುಚ್ಚಿಡಲಿಲ್ಲ; ಬೇರೆಯವರ ಸಹಾಯ ಪಡೆದಿದ್ದಾಳೆಂದು ಅವನು ಅರ್ಜಿ ತಿರಸ್ಕರಿಸಿದ. ಪಟ್ಟಿ ಹೊರಬಿತ್ತು. ಹತ್ತು ಮಂದಿ ಕುರುಡರು, ಹತ್ತೂ ಮಂದಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಅವರಲ್ಲೊಬ್ಬ ಸಾಹುಕಾರರ ಟ್ರ್ಯಾಕ್ಟರ್ ಓಡಿಸುವವ.

ಇದು ಸಾಹುಕಾರರಿಗೆ ಹೊಸ ಕೆಲಸವೇನಲ್ಲ. ನಮ್ಮೂರ ಉಪಕಾಲುವೆಯ ಗುತ್ತಿಗೆಯೂ ಅವರದೇ ಆಗಿತ್ತು. ಕೊನೆಯ ಹೊಲಕ್ಕೂ ನೀರು ಮುಟ್ಟಿದೆ ಎಂಬ ಕಾಗದಕ್ಕೆ ಆಗ ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದ್ದರು. ಆ ಕಾಲುವೆಯ ತುದಿಯಲ್ಲಿ ಈಗಲೂ ಮಧ್ಯಾಹ್ನದ ಬಿಸಿಲಿಗೆ ಆಡುಗಳು ಮಲಗುತ್ತವೆ.

ಈಗ ಕಂಪನಿಗೆ ಇನ್ನೊಂದು ಕಾಗದ ಬೇಕಿತ್ತು. ವೆಂಕಪ್ಪ ಮೌನಮ್ಮನ ಕೈಗೆ ಒಂದು ದಪ್ಪ ಹಾಳೆ ಕೊಟ್ಟು, ಹಾಜರಿ ಸಹಿ ಹಾಕು ಎಂದ. ಅವಳು ಸಹಿ ಹಾಕಲಿಲ್ಲ. ಫೋನಿನ ಕ್ಯಾಮೆರಾವನ್ನು ಹಾಳೆಯ ಮೇಲೆ ಹಿಡಿದಳು. ಫೋನು ಆಫೀಸಿಗೆಲ್ಲ ಕೇಳುವಂತೆ ಓದಿತು: “ದೃಷ್ಟಿಹೀನಳಾದ ನಾನು ಈ ಜಾಲತಾಣವನ್ನು ಸ್ವತಃ ಬಳಸಿ ನೋಡಿದ್ದು, ನನಗೆ ಯಾವುದೇ ಅಡೆತಡೆ ಆಗಿರುವುದಿಲ್ಲ.”

ಒಳಗಿನ ಕೋಣೆಯಿಂದ ಸಾಹುಕಾರರು ಎದ್ದು ಬಂದರು.

“ಆ ಹಲ್ಕಟ್ ಫೋನಿನ ಬಾಯಿ ಮುಚ್ಚು,” ಎಂದರು. ಆಮೇಲೆ ದನಿ ಇಳಿಸಿದರು. ಕಂಪನಿಯ ಮೇಡಂ ಇನ್ನು ಅರ್ಧ ಗಂಟೆಯಲ್ಲಿ ಬರುತ್ತಾಳೆ, ಅವಳೆದುರು ಸಹಿ ಹಾಕಿ ಚಲೋ ಅದ ಎಂದರೆ ಸಾಕು, ಒಂದು ಹೆಸರು ತೆಗೆದು ನಿನ್ನ ಹೆಸರು ಸೇರಿಸುತ್ತೇನೆ, ಅಂಗಡಿ ನಿನ್ನದು ಎಂದರು.

ನಾನು ಸುಳ್ಳು ಹೇಳುವುದಿಲ್ಲ, ನನ್ನ ಬಾಯಲ್ಲಿ ನೀರೂರಿತು. ಅಂಗಡಿ ಬಂದರೆ ಅದರಲ್ಲಿ ಇಬ್ಬರೂ ಕೂರುವುದೆಂದು ಮಾತಾಗಿತ್ತು. ಖಾರದ ಘಾಟಿನಲ್ಲಿ ದಿನವಿಡೀ ಸೀನುವುದು ತಪ್ಪುತ್ತಿತ್ತು. ಅವಳ ಕಿವಿಯ ಹತ್ತಿರ ಬಗ್ಗಿ, “ಹಾಕಿಬಿಡು ಅಕ್ಕ,” ಎಂದೆ.

ಅವಳು ಹಾಳೆಯ ದಪ್ಪವನ್ನು ಬೆರಳಿನಲ್ಲಿ ಹಿಸುಕಿ ನೋಡಿದಳು. ಆಮೇಲೆ, “ಬರೇ ಸಹಿ ಯಾಕ್ರಿ ಸಾವ್ಕಾರ್ರೇ,” ಎಂದಳು. “ನನ್ನ ಅಕ್ಷರದಾಗ ನಾನೇ ಬರ್ದು ಕೊಡ್ತೀನಿ.”

ಸಾಹುಕಾರರಿಗೆ ಹಿಗ್ಗಾಯಿತು. ಮೇಡಂ ಬಂದಾಗ ಮೌನಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದರು. ಅದೇ ಟೇಬಲ್ಲನ್ನು ವೆಂಕಪ್ಪ ತಾನೇ ಒರೆಸಿ ಅವಳ ಮುಂದೆ ಎಳೆದ. ಅವಳು ಚೀಲದಿಂದ ಬ್ರೈಲ್ ಸ್ಲೇಟು, ಮೊಳೆ ತೆಗೆದು, ದಪ್ಪ ಹಾಳೆಯ ಖಾಲಿ ಜಾಗದಲ್ಲಿ ಟಕ್ ಟಕ್ ಎಂದು ಚುಕ್ಕಿ ಒತ್ತತೊಡಗಿದಳು. ಫೋಟೊ ತೆಗೆದರು. ಮೇಡಂ ಕಣ್ಣು ಒರೆಸಿಕೊಂಡರು. ಬರೆದು ಮುಗಿದ ಮೇಲೆ, ಅದನ್ನೊಮ್ಮೆ ಓದಿ ಹೇಳಮ್ಮ ಎಂದು ಅವರೇ ಕೇಳಿದರು.

ಮೌನಮ್ಮ ಹಾಳೆ ತಿರುವಿ ಹಾಕಿ ಬೆರಳಿಟ್ಟಳು. ಅವಳು ಏನು ಓದಿದರೂ, ಅದು ಬರೆದದ್ದೇ ಹೌದೋ ಅಲ್ಲವೋ ಎಂದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿಗೆ ಬಂದ ಎರಡು ಹೊಗಳಿಕೆಯ ಮಾತು ಹೇಳಿದ್ದರೆ ಅಂಗಡಿ ನಮ್ಮದಾಗುತ್ತಿತ್ತು.

“ನಾನು ಬೋನಾಳದ ಮೌನಮ್ಮ,” ಎಂದು ಓದಿದಳು. “ಈ ವೆಬ್‌ಸೈಟಿನ್ಯಾಗ ಹನ್ನೊಂದು ಬಟನ್ ಅದಾವ. ಒಂದಕ್ಕೂ ಹೆಸರಿಲ್ಲ. ಕುರುಡರಿಗಿ ಚಿತ್ರ ನೋಡಿ ಬರೀ ಅಂತದ. ಅಂಗಡಿ ಸಿಕ್ಕ ಹತ್ತೂ ಮಂದಿಗಿ ಕಣ್ಣು ಕಾಣ್ತಾವ. ಮ್ಯಾಲಿನ ಮಸಿ ಅಕ್ಷರ ನಾನು ಬರ್ದಿದ್ದಲ್ಲ.”

“ಸಾಕು ಎದ್ದೇಳಲೇ ರಂಡಿ,” ಎಂದರು ಸಾಹುಕಾರರು.

ಅವಳು ಏಳಲಿಲ್ಲ. ಮೇಡಂಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಬೆರಳನ್ನು ಮೊದಲ ಸಾಲಿಗೆ ತಂದು ಮತ್ತೊಮ್ಮೆ ಓದಿದಳು. ಆಮೇಲೆ ಹಾಳೆಯನ್ನು ಮೇಡಂ ಕೈಗೆ ಕೊಟ್ಟು, ಮಡಚಬೇಡಿ, ಮಡಚಿದರೆ ಚುಕ್ಕಿ ಅಳಿಯುತ್ತವೆ ಎಂದಳು. ಮೇಡಂ, ಆಫೀಸಿನವರ ಮುಂದೆ ಇಡುತ್ತೇನೆ ಎಂದಷ್ಟೇ ಹೇಳಿ ಕಾರು ಹತ್ತಿದರು.

ನಮ್ಮನ್ನು ಜೀಪಿನಲ್ಲಿ ವಾಪಸ್ ಬಿಡಲಿಲ್ಲ. ಕಣದ ಬಾಗಿಲೂ ಅಂದಿಗೇ ಮುಚ್ಚಿತು. ಕೈಗೆ ಬಂದ ಅಂಗಡಿಗೆ ಮಣ್ಣು ಹಾಕಿದಳೆಂದು ನಮ್ಮವ್ವ ದುರಗಮ್ಮ ಮೂರು ದಿನ ಅಂಗಳದಲ್ಲಿ ನಿಂತು ಮೌನಮ್ಮನನ್ನು ಬೈದಳು. ನಾನು ತಡೆಯಲಿಲ್ಲ. ನನಗೂ ಸಿಟ್ಟಿತ್ತು.

ತಿಂಗಳ ಮೇಲೆ ಹೈದರಾಬಾದಿನಿಂದ ಲಕೋಟೆ ಬಂತು. ಅವಳ ಫೋನಿನ ಚಾರ್ಜು ಮುಗಿದಿತ್ತು; ಸಿಟ್ಟು ಇಳಿಯದಿದ್ದರೂ ನಾನೇ ಓದಿ ಹೇಳಬೇಕಾಯಿತು. ನಿಮ್ಮ ಲಿಪಿ ಓದುವವರು ಕಂಪನಿಯಲ್ಲಿ ಯಾರೂ ಇಲ್ಲದ ಕಾರಣ ಪತ್ರವನ್ನು ಪರಿಗಣಿಸಲಾಗಿಲ್ಲ, ದೂರು ಇದ್ದಲ್ಲಿ ಟ್ರಸ್ಟಿನ ವೆಬ್‌ಸೈಟಿನಲ್ಲಿ ದಾಖಲಿಸಿರಿ ಎಂದಿತ್ತು.

ನನಗೆ ನಗು ಬಂತು. ನಕ್ಕ ಮೇಲೆ ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ. ನೀನು ಹೇಳು, ನಾನು ಮಸಿಯಲ್ಲಿ ಬರೆದು ಕಳಿಸುತ್ತೇನೆ ಎಂದು ಪೆನ್ನು ತೆಗೆದೆ.

“ಬ್ಯಾಡ ತಮ್ಮ,” ಎಂದಳು. “ಇಷ್ಟು ದಿನ ಓದಿ ಹೇಳೋರನ್ನ ನಾವು ಹುಡುಕ್ಯಾಡೀವಿ. ಇನ್ನ ಅವರು ಹುಡುಕ್ಯಾಡ್ಲಿ.”

ಕೊಡೇಕಲ್, ಸುರಪುರದ ಕಡೆಯ ಕುರುಡರಿಗೆಲ್ಲ ಫೋನು ಮಾಡಿದಳು. ಬಂದವರು ಒಬ್ಬೊಬ್ಬರಾಗಿ ಹೇಳಿದರು, ಅವಳು ಒತ್ತಿದಳು. ಲಕೋಟೆಯ ಮೇಲೆ ಕಂಪನಿಯ ವಿಳಾಸ ಬರೆದದ್ದು ಮಾತ್ರ ನಾನು. ಒಳಗೆ ಹದಿನಾಲ್ಕು ಹಾಳೆಗಳಿದ್ದವು. ಒಂದರಲ್ಲೂ ಮಸಿ ಇರಲಿಲ್ಲ.