ಪಿನ್ ಹೊಡೆದ ಪುಟಗಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಗ್ರಂಥಾಲಯದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮಕ್ಕಳ ವಿಭಾಗದಲ್ಲಿ ಕೂತು ದಿನವಿಡೀ ಅಪ್ಪ ಅಮ್ಮಂದಿರ ಜೊತೆ ಏಗಿ ನೋಡಲಿ, ಆಮೇಲೆ ಮಾತಾಡಲಿ. ಮಕ್ಕಳದೇನೂ ಕಾಟವಿಲ್ಲ. ಅವು ನನ್ನನ್ನು ಕನ್ನಡಕದಜ್ಜಿ ಎನ್ನುತ್ತವೆ, ಪುಸ್ತಕ ಕೈಗೆ ಕೊಟ್ಟರೆ ಮೂಲೆ ಸೇರಿಕೊಳ್ಳುತ್ತವೆ. ತಲೆ ತಿನ್ನುವವರು ದೊಡ್ಡವರು. "ಓದಿದ್ರೆ ಬುದ್ಧಿ ಬರೋ ಅಂಥದ್ದು ಕೊಡಿ." "ಇದರಲ್ಲಿ ಬರೀ ಚಿತ್ರಾನೇ ಇದೆಯಲ್ರೀ." "ನಮ್ಮವನು ವಯಸ್ಸಿಗಿಂತ ತುಂಬಾ ಮುಂದಿದಾನೆ." ಮುಂದಿದ್ದಾನಂತೆ! ಸುರಿಯುವ ಮೂಗು ಒರೆಸಿಕೊಳ್ಳುವುದಕ್ಕೆ ಇನ್ನೂ ಅಮ್ಮನ ಸೆರಗು ಬೇಕು.

ಅದಕ್ಕೇ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಯಾವ ಪುಸ್ತಕ ಬೇಕೆಂದರೂ ಅಪ್ಪನೋ ಅಮ್ಮನೋ ನನ್ನೆದುರಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ಮೊದಲ ಪುಟವನ್ನು ಗಟ್ಟಿಯಾಗಿ ಓದಬೇಕು. ಓದುವವರಿಗೇ ಆಕಳಿಕೆ ಬಂದರೆ ಆ ಪುಸ್ತಕ ಮಗುವಿಗೆ ಬೇಡ.

ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ ಹಾಗೆಯೇ ಕೂತು ಓದಿ, ಆರು ವರ್ಷದ ಮಗಳಿಗೆಂದು ಒಂದು ಪುಸ್ತಕ ಒಯ್ದಿದ್ದರು. ಕಪ್ಪುಬಿಳುಪು ಚಿತ್ರಗಳ ಹಳೆಯ ಪುಸ್ತಕ ಅದು. ಒಬ್ಬ ಹುಡುಗಿ ಮನೆಯಲ್ಲಿ ಒಬ್ಬಳೇ ಇದ್ದಾಗ ಹೊರಗೆ ಏನೋ ಒಂದು ಬಂದು ಬಾಗಿಲು ತಟ್ಟುತ್ತದೆ. "ಒಳಗೆ ಬರಲಾ?" ಎಂದು ಕೇಳುತ್ತದೆ. ಹುಡುಗಿ ಉಸಿರೆತ್ತುವುದಿಲ್ಲ. ಅದು ಮತ್ತೆ ತಟ್ಟುತ್ತದೆ, ಮತ್ತೆ ಕೇಳುತ್ತದೆ. ನಾನು ಆ ಪುಸ್ತಕವನ್ನು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಎಲ್ಲವೂ ಚೆನ್ನಾಗಿ ನಿದ್ದೆ ಮಾಡಿವೆ.

ಮೊನ್ನೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ತಾಯಿ ಮಗಳು ಬಂದರು. ಡಾಕ್ಟರ ಕಣ್ಣುಗಳು ಗುಳಿಬಿದ್ದಿದ್ದವು. ಪುಸ್ತಕವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ದೂಡಿದರು.

"ಮೇಡಂ, ಇದನ್ನ ವಾಪಸ್ ತಗೊಳ್ಳಿ. ಚಿಟ್ಟೆ, ಮೊಲ, ಹೂವು, ಅಂಥದ್ದೇನಾದ್ರೂ ಕೊಡಿ. ಹೆದರಿಕೆ ಇಲ್ಲದ್ದು."

"ಯಾಕ್ ಡಾಕ್ಟ್ರೇ, ಪುಟ್ಟಿ ಹೆದರಿಕೊಂಡ್ಲಾ?"

"ಹೆದರಿಕೊಂಡಿದ್ರೆ ಎಷ್ಟೋ ಚೆನ್ನಾಗಿತ್ತು." ಅವರು ದನಿ ತಗ್ಗಿಸಿದರು. "ರಾತ್ರಿ ಮಲಗೋದೇ ಇಲ್ಲ. ಎದ್ದು ಹೋಗಿ ಬಾಗಿಲ ಹತ್ರ ಕೂತ್ಕೋತಾಳೆ. ಯಾರೋ ತಟ್ತಾರಂತೆ. ಮಕ್ಕಳ ಕಲ್ಪನೆ ಅಂತ ಸುಮ್ನಿದ್ದೆ. ನಿನ್ನೆ ನಂಗೂ ಕೇಳಿಸ್ತು ಮೇಡಂ."

ನಾನು ನಕ್ಕುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಮಗುವಿನ ಕಾಲು ಕಣ್ಣಿಗೆ ಬಿತ್ತು. ಒಂದು ಕಾಲಿಗೆ ಹಳದಿ ಕಾಲುಚೀಲ, ಇನ್ನೊಂದು ಬರಿಗಾಲು.

"ಇನ್ನೊಂದೆಲ್ಲೇ ಮರಿ?"

"ಬಾಗಿಲ ಸಂದೀಲಿ ಆಚೆ ತೂರಿಸ್ದೆ ಅಜ್ಜಿ. ಅದಕ್ಕೆ ಚಳಿ ಆಗ್ತಿತ್ತು."

"ಬೆಳಿಗ್ಗೆ ಎಲ್ಲಾ ಹುಡುಕಿದೆ. ಆಚೆ ಏನೂ ಇರಲಿಲ್ಲ," ಎಂದರು ತಾಯಿ.

"ಎರಡು ಸಲ ಕೇಳ್ತು, ನಾನು ಸುಮ್ನಿದ್ದೆ," ಎಂದಳು ಪುಟ್ಟಿ, ಮನೆಗೆ ಬರುವ ನೆಂಟರ ವಿಷಯ ಹೇಳುವಂತೆ. "ಇನ್ನೊಂದ್ಸಲ ಕೇಳಿದ್ರೆ ಬಾ ಅಂತೀನಿ. ಪಾಪ ಅಲ್ವಾ."

ಆ ಕಥೆಯ ಹುಡುಗಿ ಹೇಳುವ ಮಾತು ಅದಲ್ಲ. ಅದನ್ನು ಓದಿದ ಯಾವ ಮಗುವೂ ಹಾಗೆ ಹೇಳಿದ್ದಿಲ್ಲ. ಪುಸ್ತಕ ತೆಗೆದೆ. ಎರಡನೆಯ ಸಲ ಬಾಗಿಲು ತಟ್ಟುವ ಪುಟದವರೆಗೆ ಸರಿಯಾಗಿತ್ತು. ಅಲ್ಲಿಂದ ಮುಂದಿನ ಹಾಳೆಗಳನ್ನೆಲ್ಲ ಒಟ್ಟು ಸೇರಿಸಿ ಸ್ಟೇಪ್ಲರಿನಿಂದ ಸಾಲಾಗಿ ಪಿನ್ ಹೊಡೆಯಲಾಗಿತ್ತು.

"ಇದೇನ್ರೀ ಇದು?"

"ಮುಂದಿನ ಪುಟದಲ್ಲಿ ಅದರ ಮುಖದ ಚಿತ್ರ ಇತ್ತು. ಇವಳು ನೋಡಿದ್ರೆ ಹೆದರಿಕೋತಾಳೆ ಅಂತ..." ಡಾಕ್ಟರು ತಡವರಿಸಿದರು. "ಕಥೆ ಮುಗೀತು, ಮಲಕ್ಕೋ ಅಂದೆ."

ನನಗೆ ಎಲ್ಲಿತ್ತೋ ಸಿಟ್ಟು. "ಮುಗೀತಾ? ಅದನ್ನ ಬಾಗಿಲಾಚೆ ನಿಲ್ಲಿಸಿ ಮುಗೀತು ಅಂದ್ರೆ ಅದು ಎಲ್ಲಿಗೆ ಹೋಗ್ಬೇಕು? ನಿಮ್ಮ ಕ್ಲಿನಿಕ್ಕಲ್ಲಿ ಹಲ್ಲು ಅರ್ಧ ಕಿತ್ತು ಮನೆಗೆ ಕಳಿಸ್ತೀರಾ?"

ಅವರು ಉತ್ತರ ಕೊಡುವ ಮೊದಲೇ ಹಿಂಬಾಗಿಲು ತಟ್ಟಿದ ಸದ್ದಾಯಿತು.

ನಮ್ಮ ಹಿಂಬಾಗಿಲಿನ ಆಚೆ ಇರುವುದು ಮುರಿದ ಕುರ್ಚಿಗಳನ್ನು ಒಟ್ಟಿದ ಸಣ್ಣ ಅಂಗಳ. ನಾಲ್ಕು ಕಡೆಯೂ ಎತ್ತರದ ಗೋಡೆ. ಬೀದಿಯಿಂದ ಅಲ್ಲಿಗೆ ದಾರಿಯೇ ಇಲ್ಲ. ಮತ್ತೆ ತಟ್ಟಿದ ಸದ್ದು. ಅವಸರವಿಲ್ಲದೆ, ಮರ್ಯಾದಸ್ಥರು ತಟ್ಟುವಂತೆ.

"ಬಂತು," ಎಂದು ಪುಟ್ಟಿ ಎದ್ದಳು.

"ಒಳಗೆ ಬರಲಾ?"

ನೆಗಡಿಯಾದ ಮಗುವಿನ ದನಿಯಂತಿತ್ತು. ಪುಟ್ಟಿ ಬಾಯಿ ತೆರೆದಳು. ನಾನು ಈ ವಯಸ್ಸಿನಲ್ಲಿ ಹೇಗೆ ಹಾರಿದೆನೋ ಗೊತ್ತಿಲ್ಲ, ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದೆ.

"ಓದ್ರೀ ಡಾಕ್ಟ್ರೇ!"

"ನೀವೇ ಓದಿ ಮೇಡಂ, ನನ್ನ ಕೈಲಾಗಲ್ಲ!"

ಪುಟ್ಟಿ ನನ್ನ ಕೈ ಕಚ್ಚಿದಳು. ಹಲ್ಲಿನ ಡಾಕ್ಟರ ಮಗಳಲ್ಲವೇ, ಒಳ್ಳೆ ಗಟ್ಟಿ ಹಲ್ಲು. ಕೈ ಸಡಿಲವಾಯಿತು. "ಅಮ್ಮಾನೇ ಓದಲಿ," ಎಂದಳು, ಬಾಗಿಲಿನಿಂದ ಕಣ್ಣು ತೆಗೆಯದೆ. "ಮುಗೀತು ಅಂದಿದ್ದು ಅಮ್ಮ."

ಡಾಕ್ಟರು ಆ ಪುಟ್ಟ ಕುರ್ಚಿಯಲ್ಲಿ ಕುಸಿದರು. ದಿನಾ ಹಲ್ಲು ಕೀಳುವ ಆ ಕೈ ಒಂದು ಪಿನ್ನು ಕೀಳಲಾರದೆ ಜಾರುತ್ತಿತ್ತು. ಕಿತ್ತರು, ಉಗುರು ಸೀಳಿ ರಕ್ತ ಬಂತು, ಬಿಡಲಿಲ್ಲ. ಹಾಳೆಗಳು ಬಿಚ್ಚಿಕೊಂಡವು. ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಎರಡು ಪುಟ ತುಂಬುವ ಚಿತ್ರ. ಹೊಸ್ತಿಲಿತ್ತು, ಮೆಟ್ಟಿಲಿತ್ತು, ಮಂಜು ಇತ್ತು. ಅದರ ನಡುವೆ ನಿಂತಿರಬೇಕಾದದ್ದು ಇರಲಿಲ್ಲ. ಆ ಜಾಗ ಬೆಳ್ಳಗಿತ್ತು.

ಡಾಕ್ಟರು ಅದನ್ನು ನೋಡಿದರೋ ಇಲ್ಲವೋ, ಓದತೊಡಗಿದರು. ದನಿ ಒಡೆಯುತ್ತಿತ್ತು.

"ಮೂರನೆಯ ಸಲ ಅದು ಕೇಳಿತು, ಒಳಗೆ ಬರಲಾ? ಹುಡುಗಿ ಬಾಗಿಲ ಹತ್ತಿರ ಹೋದಳು. ಅವಳಿಗೆ ಹೆದರಿಕೆಯೂ ಆಗಿತ್ತು, ಕನಿಕರವೂ ಆಗಿತ್ತು. ಬೇಡ, ಎಂದಳು. ಇದು ನನ್ನ ಮನೆ. ನೀನು ನಿನ್ನ ಮನೆಗೆ ಹೋಗಿ ಮಲಗು."

ಪುಟ್ಟಿ ತುಟಿ ಕಚ್ಚಿಕೊಂಡು ಕೇಳುತ್ತಿದ್ದಳು. ಹಾಗೆಯೂ ಹೇಳಬಹುದು ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ, ಪಾಪ. ಹೇಳಿಕೊಟ್ಟವರಾದರೂ ಯಾರು? ನಿಧಾನವಾಗಿ ಹಿಂಬಾಗಿಲಿಗೆ ಹೋಗಿ, ಅದರ ಹಲಗೆಗೆ ಹಣೆ ಆನಿಸಿ ನಿಂತಳು. ತಾಯಿ ಎದ್ದವರು ನನ್ನ ತೋಳು ಹಿಡಿದುಕೊಂಡರು.

"ಬೇಡ," ಎಂದಳು ಪುಟ್ಟಿ. "ಇದು ನಮ್ದು. ನೀನು ನಿಮ್ ಮನೆಗೆ ಹೋಗಿ ಮಲಕ್ಕೋ."

ಆಚೆಯಿಂದ ಅದು "ಹೂಂ," ಎಂದಿತು. ಬೇಜಾರು ಮಾಡಿಕೊಂಡಂತೆಯೂ ಇರಲಿಲ್ಲ. ಹಗುರವಾದ ಹೆಜ್ಜೆ ಸದ್ದು ಗೋಡೆಯ ಕಡೆಗೆ ಹೋಯಿತು, ಗೋಡೆ ಇರುವಲ್ಲಿ ನಿಲ್ಲದೆ ಇನ್ನೂ ದೂರ ಹೋಯಿತು.

ಪುಟ್ಟಿ ಬಂದು, ಮತ್ತೆ ಕುರ್ಚಿಯಲ್ಲಿ ಕೂತ ಅಮ್ಮನ ತೊಡೆ ಹತ್ತಿದಳು. ಅರೆಗಳಿಗೆಯಲ್ಲಿ ಗೊರಕೆ. ಡಾಕ್ಟರು ಅವಳ ತಲೆಗೂದಲಲ್ಲಿ ಮುಖ ಹುದುಗಿಸಿ ಅತ್ತರು. "ನಾನು ಅವಳನ್ನ ಕಾಪಾಡ್ತಿದೀನಿ ಅಂದ್ಕೊಂಡೆ ಮೇಡಂ. ಅವಳ ಹತ್ರ ಇರಬೇಕಾದ ಮಾತನ್ನೇ ಬಚ್ಚಿಟ್ಟೆ." ನಾನು ಬೈಯಲಿಲ್ಲ. ನೀರು ಕೊಟ್ಟೆ, ಬೆರಳಿಗೆ ಬಟ್ಟೆ ಸುತ್ತಿದೆ, ಬೀದಿಯ ಕೊನೆಯವರೆಗೆ ಜೊತೆಯಲ್ಲಿ ನಡೆದೆ. ಮಗು ಬೆಳಗಿನವರೆಗೆ ಮಗ್ಗುಲು ಬದಲಿಸಲಿಲ್ಲವಂತೆ.

ಈಗ ನನ್ನ ಪದ್ಧತಿ ಬದಲಾಗಿದೆ. ಪುಟ್ಟ ಕುರ್ಚಿಯಲ್ಲಿ ಕೂತವರಿಂದ ಕೊನೆಯ ಪುಟ ಓದಿಸುತ್ತೇನೆ. "ಮಕ್ಕಳ ಪುಸ್ತಕ ತಾನೇ, ಇಷ್ಟೆಲ್ಲ ಯಾಕೆ?" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ, ಓದದೆ ಎದ್ದರೆ ಪುಸ್ತಕವಿಲ್ಲ.

ಆ ಪುಸ್ತಕವನ್ನು ಈಗಲೂ ಕೊಡುತ್ತೇನೆ. ಹೊಸ್ತಿಲ ಚಿತ್ರದಲ್ಲಿ ಅದು ಮತ್ತೆ ಬಂದು ನಿಂತಿದೆ, ಮೊದಲಿದ್ದ ಹಾಗೆಯೇ. ಕೊನೆಯ ಪುಟದಲ್ಲಿ ಬೆನ್ನು ತಿರುಗಿಸಿ ಮಂಜಿನೊಳಗೆ ನಡೆದು ಹೋಗುತ್ತದೆ, ಅದೂ ಮೊದಲಿನ ಹಾಗೆಯೇ. ಪುಸ್ತಕವೆಲ್ಲ ಕಪ್ಪುಬಿಳುಪು. ಅದರ ಎಡಗಾಲಿನಲ್ಲಿ ಮಾತ್ರ ಹಳದಿ ಕಾಲುಚೀಲವಿದೆ.