ನೆಂಟರಿಲ್ಲದ ಊರುಗಳು

ಸೊಸೆ ಟಿನ್ಕಾರಾ ನಕ್ಷೆಯಲ್ಲಿ ಕ್ರಾನ್ ಊರಿನ ಮೇಲೆ ಊರಿದ್ದ ಬೆರಳನ್ನು ಅತ್ತೆ ಬ್ರೇದಾ ಹಿಟ್ಟು ಮೆತ್ತಿದ ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಅಲ್ಲಿ ನಮ್ಮ ಮಿಲೇನಾ ಇದ್ದಾಳಲ್ಲೇ. ಅವಳ ಮನೆ ದಾಟ್ಕೊಂಡು ಹೋಗಿ ಹೋಟೆಲಲ್ಲಿ ಮಲಗಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಬೆರಳು ಲ್ಯುಬ್ಲಿಯಾನಾಕ್ಕೆ ಜಾರಿತು. ಅಲ್ಲಿ ಗಂಡನ ಸೋದರಮಾವ. ಕಡಲಂಚಿನ ಪಿರಾನ್‌ಗೆ ಹೋಯಿತು. ಅಲ್ಲೊಬ್ಬ ದೊಡ್ಡಮ್ಮ. ಸ್ಲೊವೇನಿಯಾ ಅಂಗೈಯಗಲದ ದೇಶ. ಎಲ್ಲಿ ಕಲ್ಲೆಸೆದರೂ ಯಾರಾದರೂ ನೆಂಟರ ಹೆಂಚಿಗೇ ಬೀಳುತ್ತಿತ್ತು. ಟಿನ್ಕಾರಾಳ ಮಧುಚಂದ್ರವೂ ಬ್ಲೆಡ್‌ನಲ್ಲಿ ಗಂಡನ ಸೋದರತ್ತೆಯ ಇಸ್ತ್ರಿಕೋಣೆಯಲ್ಲಿ ಕಳೆದಿತ್ತು. ಬೆಳಬೆಳಗ್ಗೆ ಆಕೆ ಬಾಗಿಲು ತಟ್ಟದೆಯೇ ಕಾಫಿ ತಂದಿಟ್ಟು, ಹಾಸಿಗೆಯ ತುದಿಯಲ್ಲಿ ಕೂತು ಹವಾಮಾನ ಮಾತಾಡಿದ್ದಳು. ಈ ಸಲ ಮೂರು ಊರು ಸುತ್ತಿ ಮೂರು ರಾತ್ರಿ ಹೋಟೆಲಿನಲ್ಲಿ, ತಾನೂ ಗಂಡನೂ ಇಬ್ಬರೇ ಇರಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮರುದಿನ ಅವಳು ಅತ್ತೆಯ ಎದುರು ಕೂತು ಆಕ್ರೋಟ ಒಡೆಯುತ್ತಾ, ನೆಂಟರಲ್ಲಿ ಯಾರಿಗೆ ಯಾರ ಜೊತೆ ಮಾತಿಲ್ಲವೆಂದು ಮುಗ್ಧಳಂತೆ ಕೇಳಿದಳು. ಬ್ರೇದಾಳಿಗೆ ಅಷ್ಟು ಸಾಕಿತ್ತು. ಮಾರಿಬೋರ್‌ನ ಮೈದುನ ಅವಳು ಮಾಡಿದ ಪೊತೀತ್ಸಾ ತಿಂದು, ಈ ಸುರುಳಿರೊಟ್ಟಿ ಯಾವ ಅಂಗಡಿಯದೆಂದು ಕೇಳಿದ್ದನಂತೆ. ಪ್ತುಯ್‌ನ ಓರಗಿತ್ತಿ ಸಾವಿನೂಟದಲ್ಲಿ ಇವರನ್ನು ಪಾದ್ರಿಯಿಂದ ದೂರ, ಬಾಗಿಲ ಬಳಿ ಕೂರಿಸಿದ್ದಳಂತೆ. ಚೆಲ್ಯೆಯಲ್ಲಿ ಸ್ವಂತ ತಂಗಿ ಸ್ಲಾವ್ಕಾ; ಅವಳು ಅವ್ವನ ಹೊಲಿಗೆಯಂತ್ರ ಎತ್ತಿಕೊಂಡು ಹೋದಮೇಲೆ ಮಾತು ನಿಂತಿತ್ತು.

ರಾತ್ರಿಯೂಟಕ್ಕೆ ಟಿನ್ಕಾರಾ ದಾರಿ ಗುರುತು ಮಾಡಿ ತಂದಳು: ಮಾರಿಬೋರ್, ಪ್ತುಯ್, ಚೆಲ್ಯೆ.

ಗಂಡ ಗಾಶ್ಪರ್ ನೋಡಿ ನಕ್ಕ. "ಇದು ಪ್ರವಾಸ ಅಲ್ಲ ಕಣೇ, ನಮ್ಮ ವಂಶದ ರಣರಂಗ."

ಬ್ರೇದಾ ನಗಲಿಲ್ಲ. ಜಗಳ ಮನೆಯೊಳಗಿನದು; ಸೊಸೆ ಹೋಟೆಲಿನಲ್ಲಿ ಮಲಗುವುದು ಊರಿಗೆಲ್ಲ ಕಾಣುವಂಥದ್ದು. ಅವಳು ಕೈ ಒರೆಸಿಕೊಂಡು ಫೋನ್ ಎತ್ತಿದಳು. ಮೈದುನ ರೊಟ್ಟಿಯ ಮಾತು ವಾಪಸು ತೆಗೆದುಕೊಂಡ; ಮಂಚ ಸಿದ್ಧ ಎಂದ. ಓರಗಿತ್ತಿ ತಪ್ಪೆಲ್ಲ ಸತ್ತವನದೆಂದಳು. ಅವಳಲ್ಲೂ ಮಂಚ ಸಿದ್ಧವಾಯಿತು. ಎರಡು ಊರು ಕೈಬಿಟ್ಟು ಹೋದವು.

ಭಾನುವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸ್ಲಾವ್ಕಾ ತಾನೇ ಬಂದಿಳಿದಳು. ಅಕ್ಕತಂಗಿಯರು ಅಪ್ಪಿಕೊಂಡು ಗೋಮಾಂಸದ ಸೂಪು ಆರಿಹೋಗುವವರೆಗೆ ಅತ್ತರು. ಹೊಲಿಗೆಯಂತ್ರ ತುಕ್ಕು ಹಿಡಿದಿದೆಯೆಂದು ಗೊತ್ತಾದ ಮೇಲೆ ಬ್ರೇದಾಳ ಅಳು ಇನ್ನಷ್ಟು ಮಧುರವಾಯಿತು. ಆಮೇಲೆ ಸ್ಲಾವ್ಕಾ ಒಂದು ಬೀಗದಕೈ ತೆಗೆದು ಟಿನ್ಕಾರಾಳ ತಟ್ಟೆಯ ಪಕ್ಕ ಇಟ್ಟಳು.

"ಮಹಡಿ ಕೋಣೆ, ಮಗಳೇ. ಹೊಸ ಹಾಸು ಹಾಕಿದ್ದೀನಿ. ಗೋಡೆ ಆಚೆಗೇ ನಾನು ಮಲಗೋದು, ಏನಾದ್ರೂ ಬೇಕಾದ್ರೆ ಸುಮ್ನೆ ಕೆಮ್ಮು, ಸಾಕು."

ಗಾಶ್ಪರ್ ಸೂಪಿನಲ್ಲಿ ಕಣ್ಣು ನೆಟ್ಟ. ಅಕ್ಕತಂಗಿಯರು ಒದ್ದೆ ಕೆನ್ನೆಗಳಲ್ಲಿ ನಗುತ್ತಾ ಕಾದರು. ಟಿನ್ಕಾರಾ ಅವರನ್ನು ನೋಡಿದಳು. ಈ ಮನೆತನದಲ್ಲಿ ಹೋಟೆಲಿಗಿರುವ ದಾರಿ ಜಗಳದ ಮೂಲಕವೇ. ಹಳೆಯವೆಲ್ಲ ಬಗೆಹರಿದಿದ್ದವು, ಹೊಸದನ್ನು ಯಾರಾದರೂ ಹೂಡಲೇಬೇಕಿತ್ತು.

ಬೀಗದಕೈಯನ್ನು ಅವಳು ಒಂದೇ ಬೆರಳಿನಿಂದ ಮೇಜಿನಾಚೆಗೆ ತಳ್ಳಿದಳು.

"ಬೇಡ ಚಿಕ್ಕಮ್ಮ. ನಿಮ್ಮನೇಲಿ ನಾವು ಮಲಗಲ್ಲ."