ಅಕ್ಕಪಕ್ಕದ ಡಿಸ್ಕುಗಳು

ನಾಗರಬಾವಿಯ ಒಂದು ಮನೆಯ ಮೊದಲ ಮಹಡಿಯಲ್ಲಿ ಕಣ್ಣು ಕಾಣದ ಕಾನೂನು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಡುವ ಗ್ರಂಥಾಲಯವಿತ್ತು. ಹನ್ನೊಂದು ವರ್ಷಗಳ ಓದೆಲ್ಲ ಎರಡು ಸರ್ವರ್‌ಗಳಲ್ಲಿ, ಒಂದೊಂದರಲ್ಲಿ ನಾಲ್ಕರಂತೆ ಎಂಟು ಡಿಸ್ಕುಗಳಲ್ಲಿ ಕೂತಿತ್ತು. ಅವನ್ನು ಜೋಡಿಸಿದವರು ಗೋಪೀನಾಥ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಸಂಬಳವಿಲ್ಲದೆ ದುಡಿಯುತ್ತಿದ್ದವರು. ಈ ವರ್ಷ ಆ ಹೊಣೆ ರಾಗಿಣಿಗೆ ಬಂತು.

ಮೊದಲ ವಾರವೇ ಅವಳು ಡಿಸ್ಕುಗಳ ಪಟ್ಟಿ ತೆರೆದು ನೋಡಿದಳು. ಪಟ್ಟಿಯಲ್ಲಿ ಅಕ್ಕಪಕ್ಕ ಬಂದ ಎರಡು ಡಿಸ್ಕುಗಳನ್ನು ಸಾಫ್ಟ್‌ವೇರ್ ಜೋಡಿ ಮಾಡಿ, ಎರಡರಲ್ಲೂ ಒಂದೇ ರೆಕಾರ್ಡಿಂಗ್ ಇಡುತ್ತಿತ್ತು. ಗೋಪೀನಾಥರು ಮೊದಲ ಸರ್ವರ್‌ನ ನಾಲ್ಕನ್ನೂ ಬರೆದು, ಆಮೇಲೆ ಎರಡನೆಯದರ ನಾಲ್ಕನ್ನು ಬರೆದಿದ್ದರು. ಹೀಗಾಗಿ ಪ್ರತಿ ಪುಸ್ತಕದ ಎರಡೂ ಪ್ರತಿಗಳು ಒಂದೇ ಸರ್ವರ್‌ನಲ್ಲಿದ್ದವು.

"ಎರಡೆರಡು ಕಾಪಿ ಇದೆಯಲ್ಲಮ್ಮ, ಇನ್ನೇನು ಭಯ?" ಎಂದರು ಗೋಪೀನಾಥ.

"ಸರ್ವರ್ರೇ ಕೆಟ್ಟೋದ್ರೆ ಎರಡೂ ಹೋಗುತ್ತಲ್ಲ ಸಾರ್."

"ಹಾಗಿದ್ರೆ ಒಂದನ್ನ ಆಫ್ ಮಾಡಿ ತೋರ್ಸು."

ರಾಗಿಣಿ ಆಫ್ ಮಾಡಿದಳು. ಪುಸ್ತಕಗಳಲ್ಲಿ ಅರ್ಧದಷ್ಟು ಪರದೆಯಿಂದ ಮಾಯವಾದವು. ಗೋಪೀನಾಥರು ಉಳಿದ ಹೆಸರುಗಳನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು.

"ಇಷ್ಟು ವರ್ಷ ಹೀಗೇ ಇತ್ತಾ?"

"ಹೌದು ಸಾರ್."

ಸರಿಪಡಿಸುವ ದಾರಿ ಸುಲಭವೇ. ಪ್ರತಿ ಜೋಡಿಯಿಂದ ಒಂದು ಡಿಸ್ಕನ್ನು ಬಿಡಿಸಿ, ಅಳಿಸಿ, ಅದರಲ್ಲಿ ಆಚೆ ಸರ್ವರ್‌ನ ಪುಸ್ತಕಗಳನ್ನು ತುಂಬಬೇಕು. ಆದರೆ ಕೆಲಸ ಮುಗಿಯುವವರೆಗೆ, ಬಿಡಿಸಿದ ಜೋಡಿಯಲ್ಲಿದ್ದ ಪುಸ್ತಕಗಳಿಗೆ ಇರುವುದು ಒಂದೇ ಪ್ರತಿ.

"ಮೊದಲು ಒಂದು ಹೊಸ ಡಿಸ್ಕ್ ತರ್ಸಿ, ಎಲ್ಲಾನೂ ಅದಕ್ಕೆ ಇಳಿಸ್ಕೋ," ಎಂದರು ಗೋಪೀನಾಥ.

"ಎರಡು ದಿನದ ಕೆಲಸ ಸಾರ್, ಏನೂ ಆಗಲ್ಲ," ಎಂದಳು ರಾಗಿಣಿ. ತಪ್ಪು ಮಾಡಿದವರ ಬುದ್ಧಿಮಾತು ತನಗೇಕೆ ಎಂದು ಅವಳಿಗೆ ಅನಿಸಿದ್ದೂ ನಿಜ.

ಎರಡು ಜೋಡಿ ಸರಾಗವಾಗಿ ಮುಗಿದವು. ಮೂರನೆಯದರಲ್ಲಿ, ಅಳಿಸದೆ ಉಳಿಸಿಕೊಂಡಿದ್ದ ಡಿಸ್ಕಿನಲ್ಲೇ ಒಂದು ಕಡೆ ಓದಲಾಗದಷ್ಟು ಹಾಳಾಗಿತ್ತು. ಎಷ್ಟು ಸಲ ಪ್ರಯತ್ನಿಸಿದರೂ ಒಂದು ಫೈಲು ಬರಲಿಲ್ಲ: ಸಾಕ್ಷ್ಯ ಕಾನೂನಿನ ಆರನೇ ಅಧ್ಯಾಯ. ಅದನ್ನು ಓದಿದ್ದ ಅನಂತಲಕ್ಷ್ಮಿ ಟೀಚರ್ ಗಂಟಲಿನ ಆಪರೇಷನ್ ಆದಮೇಲೆ ಓದುವುದನ್ನೇ ಬಿಟ್ಟಿದ್ದರು.

ರಾಗಿಣಿ ಗೋಪೀನಾಥರಿಗೆ ಫೋನ್ ಮಾಡಿ, ಏನನ್ನೂ ಮುಚ್ಚಿಡದೆ ಹೇಳಿದಳು. "ನಿಮ್ಮ ಮಾತು ಕೇಳ್ಬೇಕಿತ್ತು ಸಾರ್."

"ಪುಸ್ತಕ ಕಪಾಟಲ್ಲಿದೆಯಾ ನೋಡು. ಬರ್ತೀನಿ."

ಬಂದವರು ರೆಕಾರ್ಡಿಂಗ್ ಕೋಣೆಯ ಫ್ಯಾನು ಆರಿಸಿ ಮೈಕಿನ ಮುಂದೆ ಕೂತರು. ಜೀವನದಲ್ಲಿ ಎಂದೂ ಗಟ್ಟಿಯಾಗಿ ಓದಿದವರಲ್ಲ. ಸೆಕ್ಷನ್ನುಗಳ ಹತ್ತಿರ ತಡವರಿಸಿ ಮೂರು ಸಲ ಮೊದಲಿನಿಂದ ಶುರುಮಾಡಿದರು. ಐವತ್ತು ನಿಮಿಷದ ಅಧ್ಯಾಯ ಮುಗಿಯುವಾಗ ಮಧ್ಯಾಹ್ನವಾಗಿತ್ತು. ರಾಗಿಣಿ ಆ ಫೈಲನ್ನು ಎರಡು ಸರ್ವರ್‌ಗಳಲ್ಲೂ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಳು. ಹೊಸ ಡಿಸ್ಕು ಬರುವ ತನಕ ನಾಲ್ಕನೇ ಜೋಡಿಯನ್ನು ಮುಟ್ಟಲಿಲ್ಲ.

ಮುಂದಿನ ವಾರ ಸುಘೋಷ್ ಎಂಬ ವಿದ್ಯಾರ್ಥಿಯ ಫೋನ್ ಬಂತು.

"ಮೇಡಂ, ಆರನೇ ಚಾಪ್ಟರಲ್ಲಿ ದನಿ ಬದಲಾಗಿದೆ. ಯಾರದು?"

"ಯಾಕೆ, ಅರ್ಥ ಆಗ್ತಿಲ್ವಾ?"

"ಆಗುತ್ತೆ ಮೇಡಂ. ಅವಸರ ಏನಿಲ್ಲ, ಸ್ವಲ್ಪ ಉಸಿರು ತಗೊಂಡು ಓದ್ಲಿ ಅಂತ ಹೇಳಿ."